ಪಂಪಿನ ಪಕ್ಕದ ಹುಡುಗಿ ದೊಡ್ಡವಳಾಗಿ ಏನು ಹೇಳಿದಳು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಾಷಿಂಗ್ಟನ್ನಿನ ಅಮೆರಿಕ ಸಂಸತ್ ಭವನದಲ್ಲಿ ಹೆಲೆನ್ ಕೆಲ್ಲರ್ ಅವರ ಒಂದು ಕಂಚಿನ ಪ್ರತಿಮೆ ಇದೆ. ಅವರು ಹುಟ್ಟಿದ ಅಲಬಾಮಾ ರಾಜ್ಯ 2009ರಲ್ಲಿ ಅದನ್ನು ಅಲ್ಲಿ ಇಡಿಸಿತು. ಆ ಭವನದಲ್ಲಿ ಸೇನಾಪತಿಗಳಿದ್ದಾರೆ, ರಾಜಕಾರಣಿಗಳಿದ್ದಾರೆ, ವಿಜ್ಞಾನಿಗಳಿದ್ದಾರೆ. ಅವರೆಲ್ಲ ದೊಡ್ಡವರಾಗಿ, ಏನೋ ಮಾಡಿ ಮುಗಿಸಿದವರ ಗತ್ತಿನಲ್ಲಿ ನಿಂತಿದ್ದಾರೆ. ಕೆಲ್ಲರ್ ಅಲ್ಲಿ ಏಳು ವರ್ಷದ ಹುಡುಗಿ. ನೀರಿನ ಪಂಪಿನ ಪಕ್ಕ ನಿಂತಿದ್ದಾಳೆ.

ಆ ಪಂಪಿನ ಕತೆ ನಿಮಗೆಲ್ಲ ಗೊತ್ತು. ಕಣ್ಣು ಕಾಣದ, ಕಿವಿ ಕೇಳದ ಮಗು. ಟೀಚರ್ ಆನ್ ಸಲಿವನ್ ಒಂದು ಕೈ ಮೇಲೆ ನೀರು ಬಿಟ್ಟು, ಇನ್ನೊಂದು ಕೈಯಲ್ಲಿ ನೀರು ಅನ್ನುವ ಪದದ ಅಕ್ಷರಗಳನ್ನು ಬೆರಳಿನಿಂದ ಮೂಡಿಸುತ್ತಾರೆ. ಮಗುವಿಗೆ ಥಟ್ಟನೆ ಅರ್ಥವಾಗುತ್ತದೆ. ಇದು ನಡೆದದ್ದು 1887ರಲ್ಲಿ. ನಿಜವಾದ ಕತೆ, ಎಷ್ಟು ಸಲ ಕೇಳಿದರೂ ಮನಸ್ಸು ತುಂಬಿ ಬರುವಂಥದ್ದು. ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಕೆಲ್ಲರ್ ತೀರಿಕೊಂಡದ್ದು 1968ರಲ್ಲಿ, 87ನೇ ವಯಸ್ಸಿನಲ್ಲಿ. ಪಂಪಿನ ಘಟನೆ ಆದ ಮೇಲೆ 81 ವರ್ಷ ಬದುಕಿದ್ದರು. ಅಷ್ಟೂ ವರ್ಷ ಏನು ಮಾಡಿದರು ಅಂತ ಯಾರನ್ನಾದರೂ ಕೇಳಿ ನೋಡಿ. ಕಾಲೇಜಿಗೆ ಹೋದರು, ಪುಸ್ತಕ ಬರೆದರು, ಅಂಧರಿಗಾಗಿ ದುಡಿದರು ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಕಲಿತ ಭಾಷೆಯಲ್ಲಿ ಆ ಹುಡುಗಿ ಏನು ಹೇಳಿದಳು ಅಂತ ಯಾರೂ ಕೇಳುವುದಿಲ್ಲ.

ಅವರು 1909ರಲ್ಲಿ ಅಮೆರಿಕದ ಸೋಷಲಿಸ್ಟ್ ಪಕ್ಷ ಸೇರಿದರು. ತಮ್ಮ ಓದುವ ಕೋಣೆಯಲ್ಲಿ ದೊಡ್ಡ ಕೆಂಪು ಬಾವುಟ ಇಟ್ಟುಕೊಂಡಿದ್ದರು. ಆಮೇಲೆ ಪಕ್ಷವೇ ತೀರಾ ನಿಧಾನ ಅನ್ನಿಸಿ, ಅದಕ್ಕಿಂತ ಖಾರವಾದ ಕಾರ್ಮಿಕ ಸಂಘಟನೆಯೊಂದರ ಕಡೆಗೆ ಹೋದರು. ಹೆಂಗಸರಿಗೆ ವೋಟು ಬೇಕು ಅಂದರು, ಗರ್ಭ ನಿರೋಧದ ಪರ ಮಾತಾಡಿದರು. 1916ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಿಂತು, ಯುದ್ಧದ ವಿರುದ್ಧ ಮುಷ್ಕರ ಹೂಡಿ ಅಂತ ಕಾರ್ಮಿಕರಿಗೆ ಕರೆ ಕೊಟ್ಟರು. 1920ರಲ್ಲಿ ನಾಗರಿಕ ಸ್ವಾತಂತ್ರ್ಯಕ್ಕಾಗಿ ಹುಟ್ಟಿದ ಎಸಿಎಲ್‌ಯು ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅವರ ಬದುಕಿನ ಬಗ್ಗೆಯೇ 1919ರಲ್ಲಿ ಒಂದು ಸಿನಿಮಾ ಬಂತು. ಆಗ ನ್ಯೂಯಾರ್ಕಿನಲ್ಲಿ ನಟನಟಿಯರ ಮುಷ್ಕರ ನಡೆದಿತ್ತು. ಮುಷ್ಕರ ಮುರಿದು ಒಳಗೆ ಹೋಗುವುದಿಲ್ಲ ಅಂತ, ತಮ್ಮದೇ ಸಿನಿಮಾದ ಮೊದಲ ಪ್ರದರ್ಶನಕ್ಕೆ ಅವರು ಹೋಗಲಿಲ್ಲ.

ಇವೆಲ್ಲ ಅಂಧರ ಸೇವೆಯ ಪಕ್ಕದಲ್ಲಿ ಇಟ್ಟುಕೊಂಡ ಹವ್ಯಾಸ ಅಂದುಕೊಳ್ಳಬೇಡಿ. ಆ ಸೇವೆಯೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಯಿತು. ಜನ ಯಾಕೆ ಕುರುಡರಾಗುತ್ತಾರೆ ಅಂತ ಅವರು ಹುಡುಕುತ್ತಾ ಹೋದರು. ಆಗಿನ ಕಾಲದಲ್ಲಿ ಹುಟ್ಟುವಾಗಲೇ ತಾಯಿಯಿಂದ ಸೋಂಕು ತಗುಲಿ ಎಷ್ಟೋ ಮಕ್ಕಳ ಕಣ್ಣು ಹೋಗುತ್ತಿತ್ತು. ಹುಟ್ಟಿದ ಕೂಡಲೇ ಕಣ್ಣಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿದರೆ ಇದನ್ನು ತಡೆಯಬಹುದಿತ್ತು. ಆದರೆ ಲೈಂಗಿಕ ರೋಗದ ಮಾತು ಎತ್ತುವುದೇ ಅಸಭ್ಯ ಅಂತ ಸುಮ್ಮನಿದ್ದರು. ಕೆಲ್ಲರ್ ಅದನ್ನು ಹೆಂಗಸರ ಪತ್ರಿಕೆಯಲ್ಲೇ ಬಿಚ್ಚಿ ಬರೆದರು. ಕಾರ್ಖಾನೆಗಳಲ್ಲಿ ಸುರಕ್ಷತೆ ಇಲ್ಲದೆ ಕಣ್ಣು ಕಳೆದುಕೊಂಡವರು ಇನ್ನೊಂದು ಕಡೆ. ಕುರುಡುತನ ಎಲ್ಲರ ಮೇಲೂ ಒಂದೇ ಸಮ ಬೀಳುವ ಹಣೆಬರಹ ಅಲ್ಲ, ಬಡವರ ಮೇಲೆ ಜಾಸ್ತಿ ಬೀಳುತ್ತದೆ ಅಂತ ಅವರಿಗೆ ಹೀಗೆ ಗೊತ್ತಾಯಿತು. ಅವರ ರಾಜಕೀಯ ಹುಟ್ಟಿದ್ದೇ ಇಲ್ಲಿ. ಅದನ್ನು ಕತ್ತರಿಸಿ ತೆಗೆದರೆ ಅವರ ಸೇವೆಯೂ ಅರ್ಥವಾಗುವುದಿಲ್ಲ.

ಆಗಿನವರು ಇದಕ್ಕೆ ಏನಂದರು? ಬ್ರೂಕ್ಲಿನ್ ಈಗಲ್ ಅನ್ನುವ ಪತ್ರಿಕೆಯ ಸಂಪಾದಕರು ಮೊದಲು ಅವರನ್ನು ಬಾಯಿ ತುಂಬಾ ಹೊಗಳಿದ್ದರು. ಅವರು ಸೋಷಲಿಸ್ಟ್ ಅಂತ ಗೊತ್ತಾದ ಮೇಲೆ, ಪಾಪ ಆಕೆಯ ಬೆಳವಣಿಗೆಗೆ ಮಿತಿಗಳಿವೆ, ತಪ್ಪು ಅಭಿಪ್ರಾಯಗಳು ಅಲ್ಲಿಂದ ಬಂದಿವೆ ಅನ್ನುವ ಧಾಟಿಯಲ್ಲಿ ಪತ್ರಿಕೆ ಬರೆಯಿತು. 1912ರ ನವೆಂಬರಿನಲ್ಲಿ ಕೆಲ್ಲರ್ ಇದಕ್ಕೆ ಒಂದು ಲೇಖನದಲ್ಲಿ ಉತ್ತರ ಕೊಟ್ಟರು. ಆಗ ನನ್ನನ್ನು ಎಷ್ಟು ಹೊಗಳಿದ್ದರೆಂದರೆ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಈಗ ನಾನು ಸೋಷಲಿಸಂ ಪರ ನಿಂತ ಮೇಲೆ ನಾನು ಕುರುಡಿ, ಕಿವುಡಿ ಅಂತ ಎಲ್ಲರಿಗೂ ನೆನಪಿಸುತ್ತಿದ್ದಾರೆ ಅಂದರು. ಆಮೇಲೆ ಇನ್ನೂ ಮುಂದೆ ಹೋಗಿ, ಸಮಾಜದ ವಿಷಯದಲ್ಲಿ ಕುರುಡಾಗಿ ಕಿವುಡಾಗಿ ಇರುವುದು ಆ ಪತ್ರಿಕೆ ಅಂದರು. ನಾವು ತಡೆಯಲು ಹೊರಟಿರುವ ಕುರುಡುತನ, ಕಿವುಡುತನದ ದೊಡ್ಡ ಪಾಲಿಗೆ ಕಾರಣವಾದ ವ್ಯವಸ್ಥೆಯನ್ನೇ ಅದು ಕಾಯುತ್ತಿದೆ ಅಂತ ಬರೆದರು.

ಹನ್ನೆರಡು ವರ್ಷ ಬಿಟ್ಟು, 1924ರಲ್ಲಿ ಸೆನೆಟರ್ ಲಾ ಫಾಲೆಟ್‌ಗೆ ಬರೆದ ಪತ್ರದಲ್ಲಿ ಇದೇ ಮಾತನ್ನು ಇನ್ನೂ ನೇರವಾಗಿ ಹೇಳಿದರು. ನಾನು ಸಮಾಜ ಸೇವೆ, ಅಂಧರ ಕೆಲಸ ಅಂತ ಇದ್ದಷ್ಟು ದಿನ ಪತ್ರಿಕೆಗಳು ನನ್ನನ್ನು ಪವಾಡ ಅಂತ ಕೊಂಡಾಡುತ್ತವೆ. ಬಡತನ ಯಾಕಿದೆ ಅಂತ ಚರ್ಚೆ ಎತ್ತಿದರೆ ಕತೆಯೇ ಬೇರೆ. ಇದು ಆ ಪತ್ರದ ಸಾರ. ಬದುಕಿದ್ದಾಗಲೇ ತಮಗೆ ಏನು ಮಾಡುತ್ತಿದ್ದಾರೆ ಅಂತ ಆ ಹೆಂಗಸಿಗೆ ಚೆನ್ನಾಗಿ ಗೊತ್ತಿತ್ತು.

ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ದೊಡ್ಡವರನ್ನು ಸಪ್ಪೆ ಮಾಡಲು ಸುಳ್ಳು ಹೇಳಬೇಕಾಗಿಲ್ಲ. ಅವರ ಬದುಕಿನಿಂದ ಒಂದು ನಿಜವಾದ ಗಳಿಗೆಯನ್ನು ಆರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಹೇಳಿದರೆ ಸಾಕು. ಆರಿಸುವಾಗ ಮಾತ್ರ ಒಂದು ಎಚ್ಚರ ಇರುತ್ತದೆ. ಆ ಗಳಿಗೆಯಲ್ಲಿ ಅವರು ಯಾರ ಜತೆಗೂ ಜಗಳ ಆಡುತ್ತಿರಬಾರದು. ಪಂಪಿನ ಮುಂದಿನ ಮಗುವಿಗೆ ಶತ್ರುಗಳಿಲ್ಲ. ಕಾರ್ನೆಗಿ ಹಾಲ್‌ನಲ್ಲಿ ನಿಂತ ಹೆಂಗಸಿಗೆ ಇದ್ದರು.

ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ವಿಷಯದಲ್ಲಿ ಆರಿಸಿಕೊಂಡಿರುವ ಗಳಿಗೆ 1963ರ ಆಗಸ್ಟ್ 28. ಅದರಲ್ಲೂ ಇಡೀ ದಿನ ಅಲ್ಲ, ಒಂದು ಭಾಷಣದ ಕೊನೆಯ ಕೆಲವು ನಿಮಿಷ. ಕನಸಿನ ಮಾತು ಬರುತ್ತದಲ್ಲ, ಅದು. ಆ ಮೆರವಣಿಗೆಯ ಹೆಸರೇ ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ ನಡಿಗೆ ಅಂತ. ಉದ್ಯೋಗ ಮೊದಲು ಬರುತ್ತದೆ, ಗಮನಿಸಿ. ಗಂಟೆಗೆ ಕನಿಷ್ಠ 2 ಡಾಲರ್ ಕೂಲಿ ಬೇಕು ಅನ್ನುವುದು ಅವರ ಬೇಡಿಕೆಗಳಲ್ಲಿ ಒಂದು. ಭಾಷಣದ ಮೊದಲ ಭಾಗದಲ್ಲಿ ಕನಸು ಇಲ್ಲವೇ ಇಲ್ಲ. ಅಲ್ಲಿರುವುದು ಒಂದು ಚೆಕ್. ಅಮೆರಿಕ ತನ್ನ ಕಪ್ಪು ಪ್ರಜೆಗಳಿಗೆ ಕೊಟ್ಟ ಚೆಕ್ ಬೌನ್ಸ್ ಆಗಿದೆ, ನಾವು ಅದನ್ನು ವಸೂಲಿ ಮಾಡಲು ಬಂದಿದ್ದೇವೆ ಅಂತ ಅವರು ಶುರು ಮಾಡುತ್ತಾರೆ. ಈ ಭಾಗವನ್ನು ವರ್ಷಕ್ಕೊಮ್ಮೆ ಟಿವಿಯಲ್ಲಿ ಹಾಕುವುದು ಅಪರೂಪ, ಅಲ್ವಾ?

ಮುಂದಿನ ಐದು ವರ್ಷ ಅವರು ಇನ್ನೂ ಗಟ್ಟಿಯಾದರು. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಮಾತಾಡಿದರು. ಇವತ್ತು ಜಗತ್ತಿನಲ್ಲಿ ಹಿಂಸೆಯನ್ನು ಅತಿ ಹೆಚ್ಚು ಹರಡುತ್ತಿರುವುದು ನನ್ನದೇ ಸರ್ಕಾರ ಅಂದರು. ಜನಾಂಗ ದ್ವೇಷ, ದುಡ್ಡಿನ ಮೋಹ, ಯುದ್ಧದ ಹುಚ್ಚು, ಈ ಮೂರನ್ನೂ ಒಟ್ಟಿಗೇ ಎದುರಿಸಬೇಕು ಅಂದರು. ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆದು ಇದು ಡಾಕ್ಟರ್ ಕಿಂಗ್ ಮಾಡಿದ ತಪ್ಪು ಅಂದಿತು. ತಮ್ಮ ಹೋರಾಟಕ್ಕೂ, ದೇಶಕ್ಕೂ, ತಮ್ಮ ಜನಕ್ಕೂ ಆತ ಆಗುತ್ತಿದ್ದ ಉಪಯೋಗ ಕಡಿಮೆಯಾಯಿತು ಅಂತ ವಾಷಿಂಗ್ಟನ್ ಪೋಸ್ಟ್ ಬರೆಯಿತು. ಇವೇನೂ ಬಿಳಿಯರ ದುರಹಂಕಾರದ ಸಂಘಟನೆಗಳ ಕರಪತ್ರಗಳಲ್ಲ. ದೇಶದ ಮರ್ಯಾದಸ್ಥ ಪತ್ರಿಕೆಗಳು.

ಜನ? 1966ರ ಗ್ಯಾಲಪ್ ಸಮೀಕ್ಷೆಯಲ್ಲಿ 63 ಶೇಕಡಾ ಅಮೆರಿಕನ್ನರು ಕಿಂಗ್ ಬಗ್ಗೆ ತಮಗೆ ಒಳ್ಳೆಯ ಅಭಿಪ್ರಾಯ ಇಲ್ಲ ಅಂದಿದ್ದರು. ಎಫ್‌ಬಿಐ ಅನ್ನುವ ಕೇಂದ್ರ ತನಿಖಾ ಸಂಸ್ಥೆ ಅವರ ಫೋನ್ ಕದ್ದು ಕೇಳುತ್ತಿತ್ತು. ಸತ್ತು ಹೋಗು ಅನ್ನುವ ಅರ್ಥ ಬರುವ ಅನಾಮಧೇಯ ಪತ್ರವನ್ನೂ ಅದು 1964ರಲ್ಲಿ ಕಳಿಸಿತ್ತು. 1968ರಲ್ಲಿ ಅವರು ಬಿಳಿ, ಕಪ್ಪು ಅನ್ನದೆ ಎಲ್ಲ ಬಡವರನ್ನೂ ಸೇರಿಸಿ ರಾಜಧಾನಿಗೆ ಕರೆತರುವ ತಯಾರಿಯಲ್ಲಿದ್ದರು. ಅದರ ನಡುವೆಯೇ ಮೆಂಫಿಸ್‌ಗೆ ಹೋದರು. ಅಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಾರ್ಮಿಕರು ಸತ್ತಿದ್ದರು. ಸುಮಾರು 1,300 ಪೌರ ಕಾರ್ಮಿಕರು ಮುಷ್ಕರ ಹೂಡಿದ್ದರು. ನಾನೂ ಮನುಷ್ಯ ಅಂತ ಬರೆದ ಫಲಕ ಹಿಡಿದು ಬೀದಿಯಲ್ಲಿ ನಡೆಯುತ್ತಿದ್ದರು. ಕಿಂಗ್ ಅವರನ್ನು ಕೊಂದದ್ದು ಅಲ್ಲೇ, ಏಪ್ರಿಲ್ 4ರಂದು. ರಿವರ್‌ಸೈಡ್ ಭಾಷಣ ಮಾಡಿ ಸರಿಯಾಗಿ ಒಂದು ವರ್ಷಕ್ಕೆ. ಅವರು ಸತ್ತದ್ದು ಒಂದು ಕಾರ್ಮಿಕ ಮುಷ್ಕರದ ಬೆಂಬಲಕ್ಕೆ ಹೋಗಿ ಅನ್ನುವುದನ್ನು ಎಷ್ಟು ಪಠ್ಯಗಳು ಹೇಳುತ್ತವೆ?

ಇನ್ನೊಂದು ಸಂಗತಿ ಹೇಳಲೇಬೇಕು. 1968ರ ಫೆಬ್ರವರಿ 4ರಂದು, ಸಾಯುವುದಕ್ಕೆ ಎರಡು ತಿಂಗಳ ಮೊದಲು, ಅಟ್ಲಾಂಟಾದ ತಮ್ಮ ಚರ್ಚಿನಲ್ಲಿ ಕಿಂಗ್ ಒಂದು ಪ್ರವಚನ ಮಾಡಿದರು. ಎಲ್ಲರಿಗಿಂತ ಮುಂದೆ ಇರಬೇಕು ಅನ್ನುವ ಮನುಷ್ಯನ ಆಸೆಯ ಬಗ್ಗೆ. ಅದರಲ್ಲಿ ಜಾಹೀರಾತಿನವರ ಮಾತು ಬರುತ್ತದೆ. ಪಕ್ಕದ ಮನೆಯವರು ಹೊಟ್ಟೆ ಉರಿದುಕೊಳ್ಳಬೇಕಾದರೆ ಇಂಥ ಕಾರನ್ನೇ ಓಡಿಸಬೇಕು ಅಂತ ನಮ್ಮನ್ನು ನಂಬಿಸುತ್ತಾರೆ, ನಾವು ಅದಕ್ಕೆ ಬಲಿ ಬೀಳುತ್ತೇವೆ ಅಂತ ಎಚ್ಚರಿಸುತ್ತಾರೆ. ಅದೇ ಪ್ರವಚನದಲ್ಲಿ, ಯಾರು ಬೇಕಾದರೂ ಸೇವೆ ಮಾಡಬಹುದು, ದೊಡ್ಡವರಾಗಬಹುದು ಅನ್ನುವ ಮಾತೂ ಇದೆ. ಸರಿಯಾಗಿ 50 ವರ್ಷ ಕಳೆದು, 2018ರ ಫೆಬ್ರವರಿ 4ರಂದು, ಅಮೆರಿಕದ ಅತಿ ದೊಡ್ಡ ಫುಟ್‌ಬಾಲ್ ಪಂದ್ಯದ ನಡುವೆ ಒಂದು ಜಾಹೀರಾತು ಬಂತು. ಕಿಂಗ್ ಅವರ ದನಿ, ಅದೇ ಪ್ರವಚನದ ಸೇವೆಯ ಮಾತು. ಮಾರುತ್ತಿದ್ದದ್ದು ರ‍್ಯಾಮ್ ಕಂಪನಿಯ ಪಿಕಪ್ ಟ್ರಕ್. ಜನ ಸಿಟ್ಟಾದರು. ಕೆಲವರು ಅದೇ ಚಿತ್ರಗಳಿಗೆ ಪ್ರವಚನದ ಕಾರಿನ ಮಾತನ್ನು ಜೋಡಿಸಿ ಇಂಟರ್‌ನೆಟ್‌ಗೆ ಹಾಕಿದರು. ನನಗೆ ಅದು ಬಹಳ ಒಳ್ಳೆಯ ಇತಿಹಾಸ ಪಾಠ ಅನ್ನಿಸಿತು. ಕತ್ತರಿಸಿದ ಜಾಗದ ಪಕ್ಕದಲ್ಲೇ ಕತ್ತರಿಸಿದ್ದನ್ನು ಇಟ್ಟು ತೋರಿಸಿದರು.

ಐನ್‌ಸ್ಟೈನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೆದರಿದ ಕೂದಲು, ಹೊರಗೆ ಚಾಚಿದ ನಾಲಿಗೆಯ ಫೋಟೋ ಎಲ್ಲ ಕಡೆ ಇದೆ. ಸೋಷಲಿಸಂ ಯಾಕೆ ಬೇಕು ಅಂತ 1949ರಲ್ಲಿ ಅವರು ಬರೆದ ಲೇಖನ ಇಲ್ಲ. ವರ್ಣಭೇದ ಬಿಳಿಯರಿಗೆ ಅಂಟಿದ ರೋಗ ಅಂತ 1946ರಲ್ಲಿ ಕಪ್ಪು ವಿದ್ಯಾರ್ಥಿಗಳ ಲಿಂಕನ್ ವಿಶ್ವವಿದ್ಯಾಲಯಕ್ಕೆ ಹೋಗಿ ಹೇಳಿದ್ದು ಇಲ್ಲ. ಎಫ್‌ಬಿಐ ಅವರ ಮೇಲೆ 1,400ಕ್ಕೂ ಜಾಸ್ತಿ ಪುಟಗಳ ಕಡತ ಇಟ್ಟಿತ್ತು. ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ವಿಷಯವೂ ಅಷ್ಟೇ. ಎಲ್ಲರನ್ನೂ ಕ್ಷಮಿಸಿದ ನಗುಮುಖದ ಅಜ್ಜ ಅಂತ ನೆನಪಿಟ್ಟುಕೊಂಡಿದ್ದೇವೆ. 1961ರಲ್ಲಿ ಅವರೇ ಒಂದು ಸಶಸ್ತ್ರ ಪಡೆ ಕಟ್ಟಿದ್ದರು. 1993ರಲ್ಲಿ ಶಾಂತಿಯ ನೊಬೆಲ್ ಬಂದ ಮೇಲೂ, ರಾಷ್ಟ್ರಪತಿಯಾದ ಮೇಲೂ, 2008ರವರೆಗೆ ಅವರ ಹೆಸರು ಅಮೆರಿಕದ ಭಯೋತ್ಪಾದಕರ ನಿಗಾ ಪಟ್ಟಿಯಲ್ಲಿತ್ತು.

ಭಗತ್ ಸಿಂಗ್ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕು. ಅವರ ನಿಜವಾದ ಫೋಟೋಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಟೋಪಿ ಹಾಕಿಕೊಂಡದ್ದು, 1929ರಲ್ಲಿ ತೆಗೆಸಿದ್ದು. ಆದರೆ ಕ್ಯಾಲೆಂಡರುಗಳಲ್ಲಿ, ಗೋಡೆಗಳಲ್ಲಿ ಜಾಸ್ತಿ ಕಾಣುವುದು ಹಳದಿ ಪೇಟ, ಕೈಯಲ್ಲಿ ಪಿಸ್ತೂಲು. ಚಿತ್ರಕಾರರು ಕಲ್ಪಿಸಿಕೊಂಡದ್ದು ಅದು. ಪಿಸ್ತೂಲು ಉಳಿಯಿತು, ಪುಸ್ತಕ ಹೋಯಿತು. 1928ರಲ್ಲಿ ತಮ್ಮ ಸಂಘಟನೆಯ ಹೆಸರಿಗೆ ಸೋಷಲಿಸ್ಟ್ ಅನ್ನುವ ಪದ ಸೇರಿಸಿದವರು ಇವರು. ಅದೇ ವರ್ಷ ಅಸ್ಪೃಶ್ಯತೆಯ ವಿರುದ್ಧ ಬರೆದರು. 1929ರ ಏಪ್ರಿಲ್ 8ರಂದು ದೆಹಲಿಯ ಅಸೆಂಬ್ಲಿಯಲ್ಲಿ ಬಾಂಬ್ ಎಸೆದ ಕತೆ ಎಲ್ಲರಿಗೂ ಗೊತ್ತು. ಆ ದಿನ ಸದನದ ಮುಂದೆ ಏನಿತ್ತು ಅನ್ನುವುದು ಮಾತ್ರ ಕತೆಯಿಂದ ಬಿದ್ದು ಹೋಗಿದೆ. ಸಾರ್ವಜನಿಕ ಸುರಕ್ಷತೆಯ ಮಸೂದೆ ಒಂದು, ಕಾರ್ಮಿಕರ ಮುಷ್ಕರದ ಹಕ್ಕನ್ನು ಮೊಟಕು ಮಾಡುವ ಮಸೂದೆ ಇನ್ನೊಂದು. ಯಾರನ್ನೂ ಕೊಲ್ಲದಂತೆ ಖಾಲಿ ಜಾಗಕ್ಕೆ ಬಾಂಬ್ ಎಸೆದು, ಕರಪತ್ರ ತೂರಿ, ಓಡಿ ಹೋಗದೆ ಅಲ್ಲೇ ನಿಂತು ಬಂಧನಕ್ಕೆ ಕೈಕೊಟ್ಟರು. 1930ರಲ್ಲಿ ಲಾಹೋರ್ ಜೈಲಿನಲ್ಲಿ ಕುಳಿತು, ತಾನು ಯಾಕೆ ನಾಸ್ತಿಕ ಅಂತ ಪ್ರಬಂಧ ಬರೆದರು. ಗಲ್ಲಿಗೇರಿದಾಗ ವಯಸ್ಸು 23. ಇವತ್ತು ಅವರನ್ನು ಎಲ್ಲ ಪಕ್ಷದವರೂ ಹೊತ್ತು ಮೆರೆಸುತ್ತಾರೆ. ಪ್ರಾಣ ಕೊಟ್ಟದ್ದು ಎಲ್ಲರಿಗೂ ಬೇಕು. ಯಾತಕ್ಕೆ ಕೊಟ್ಟರು ಅನ್ನುವುದು ಬೇಡ.

ಅಂಬೇಡ್ಕರ್ ಅವರಿಗೂ ಹೀಗೇ ಆಗಿದೆ. ಕೈಯಲ್ಲಿ ಸಂವಿಧಾನ ಹಿಡಿದ ಪ್ರತಿಮೆಗೆ ಹಾರ ಹಾಕುವುದು ಸುಲಭ. 1936ರಲ್ಲಿ ಲಾಹೋರಿನ ಜಾತಿ ವಿರೋಧಿ ಸಂಘವೇ ಅವರನ್ನು ಭಾಷಣಕ್ಕೆ ಕರೆದು, ಬರಹ ಓದಿ ನೋಡಿ ಬೆಚ್ಚಿ, ಸಭೆಯನ್ನೇ ರದ್ದು ಮಾಡಿತು. ಅವರು ಆ ಭಾಷಣವನ್ನು ತಮ್ಮ ದುಡ್ಡಿನಲ್ಲೇ ಅಚ್ಚು ಹಾಕಿಸಿದರು. 1947ರಲ್ಲಿ ಮುಖ್ಯ ಕೈಗಾರಿಕೆಗಳೂ, ಕೃಷಿ ಭೂಮಿಯೂ ಸರ್ಕಾರದ ಕೈಯಲ್ಲಿರಬೇಕು ಅಂತ ಒಂದು ಯೋಜನೆ ಬರೆದರು. ಹಿಂದೂ ಹೆಂಗಸರಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ ನೆನೆಗುದಿಗೆ ಬಿದ್ದಾಗ, 1951ರಲ್ಲಿ ಮಂತ್ರಿಗಿರಿ ಬಿಟ್ಟು ಹೊರಬಂದರು. ಹಾರ ಹಾಕುವವರು ಆ ರಾಜೀನಾಮೆಯ ಹೇಳಿಕೆಯನ್ನು ಒಮ್ಮೆ ಓದಬೇಕು.

ಇದನ್ನೆಲ್ಲ ಯಾರು ಮಾಡುತ್ತಾರೆ? ಶತ್ರುಗಳು ಮಾತ್ರ ಅಂದರೆ ಅದು ಅರ್ಧ ಸತ್ಯ. ಪ್ರೀತಿಸುವವರೂ ಮಾಡುತ್ತಾರೆ. ಕೆಲ್ಲರ್ 1924ರಿಂದ ಅಂಧರ ದೊಡ್ಡ ಸಂಸ್ಥೆಯೊಂದಕ್ಕೆ ಹಣ ಕೂಡಿಸುವ ಕೆಲಸ ಹಿಡಿದರು. ದೇಣಿಗೆ ಕೊಡುವವರು ಶ್ರೀಮಂತರು. ಅವರ ಮನೆ ಬಾಗಿಲಲ್ಲಿ ನಿಂತು ಬಂಡವಾಳಶಾಹಿಯನ್ನು ಬೈಯುವುದು ಹೇಗೆ? ಅವರ ರಾಜಕೀಯದ ಮಾತು ಮೊದಲಿಗಿಂತ ಕಡಿಮೆಯಾಯಿತು, ನಂಬಿಕೆ ಬದಲಾಗಲಿಲ್ಲ. ಕಿಂಗ್ ಹೆಸರಿನಲ್ಲಿ ರಾಷ್ಟ್ರೀಯ ರಜೆ ಬೇಕು ಅಂತ ಹೋರಾಡಿದವರಿಗೆ ಸಂಸತ್ತಿನಲ್ಲಿ ವೋಟು ಬೇಕಿತ್ತು. 1983ರಲ್ಲಿ ಆ ಕಾನೂನಿಗೆ ಸಹಿ ಹಾಕಿದ್ದು ಅಧ್ಯಕ್ಷ ರೇಗನ್. ಎಲ್ಲರೂ ಒಪ್ಪುವ ಕಿಂಗ್ ಒಬ್ಬರನ್ನು ಮುಂದಿಡದೆ ಆ ಸಹಿ ಬೀಳುತ್ತಿರಲಿಲ್ಲ. ನಾನು ಆ ಹೋರಾಟಗಾರರನ್ನು ದೂರುವುದಿಲ್ಲ. ಆ ರಜೆಯಿಂದಾಗಿ ಎಷ್ಟೋ ಮಕ್ಕಳು ಕಿಂಗ್ ಹೆಸರು ಕೇಳಿದರು. ಆದರೆ ಅದಕ್ಕೆ ಕೊಟ್ಟ ಬೆಲೆ ಏನು ಅನ್ನುವ ಲೆಕ್ಕ ನಮ್ಮ ಹತ್ತಿರ ಇರಬೇಕು.

ಇನ್ನೊಂದು ಕಷ್ಟದ ಮಾತೂ ಇದೆ. ಅಡಗಿಸಿಟ್ಟ ರಾಜಕೀಯವನ್ನು ಹೊರಗೆ ತೆಗೆದರೆ ಸಿಗುವುದೆಲ್ಲ ನಮಗೆ ಇಷ್ಟವಾಗುತ್ತದೆ ಅಂತೇನಿಲ್ಲ. 1915ರಲ್ಲಿ ಶಿಕಾಗೋದ ಡಾಕ್ಟರೊಬ್ಬರು ತೀವ್ರ ಅಂಗವೈಕಲ್ಯ ಇದ್ದ ನವಜಾತ ಶಿಶುವಿಗೆ ಆಪರೇಷನ್ ಮಾಡದೆ ಸಾಯಲು ಬಿಟ್ಟರು. ಕೆಲ್ಲರ್ ಆ ಡಾಕ್ಟರ ಪರ ಬರೆದರು. ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡಲು ವೈದ್ಯರ ಮಂಡಳಿ ಇರಲಿ ಅಂದರು. ಸ್ವತಃ ಕಣ್ಣು ಕಿವಿ ಇಲ್ಲದವರು ಹಾಗೆ ಬರೆದದ್ದನ್ನು ಓದಿದಾಗ ನನಗೆ ತುಂಬಾ ನೋವಾಯಿತು. ಒಳ್ಳೆಯ ತಳಿಯ ಜನರನ್ನೇ ಬೆಳೆಸುವ ವಿಜ್ಞಾನ (ಯೂಜೆನಿಕ್ಸ್) ಅಂತ ಆಗ ಎಡಪಂಥೀಯರನ್ನೂ ಬಿಡದೆ ಹಿಡಿದಿದ್ದ ಹುಚ್ಚು ಅದು. ಪವಾಡದ ಮಗುವಿನ ಕತೆ ಅವರ ಸೋಷಲಿಸಂ ಅನ್ನು ಮುಚ್ಚಿಟ್ಟಂತೆ ಇದನ್ನೂ ಮುಚ್ಚಿಟ್ಟಿದೆ. ನಮಗೆ ಬೇಕಾದ ಕೆಲ್ಲರ್ ಅನ್ನು ಮಾತ್ರ ಹೊರಗೆ ತಂದು ಇದನ್ನು ಒಳಗೇ ಬಿಟ್ಟರೆ, ನಾವೂ ಇನ್ನೊಂದು ಪ್ರತಿಮೆ ಮಾಡಿದ ಹಾಗೆ. ವಾದ ಮಾಡಿದ ಮನುಷ್ಯರ ಜತೆ ನಾವೂ ವಾದ ಮಾಡಬೇಕು, ಒಪ್ಪಬೇಕಾದ್ದನ್ನು ಒಪ್ಪಬೇಕು, ತಪ್ಪನ್ನು ತಪ್ಪು ಅನ್ನಬೇಕು. ಅವರಿಗೆ ನಾವು ಕೊಡಬಹುದಾದ ಗೌರವ ಅದೇ ಅಂತ ನಾನು ನಂಬಿದ್ದೇನೆ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಶಿಕ್ಷಕಿಯೊಬ್ಬರು ಕೇಳಿದರು: "ಸರ್, ಚಿಕ್ಕ ಮಕ್ಕಳಿಗೆ ಇಷ್ಟೆಲ್ಲ ಹೇಳೋಕೆ ಆಗುತ್ತಾ? ಸರಳವಾಗಿ ಹೇಳಲೇಬೇಕಲ್ವಾ?" ಕೇಳಬೇಕಾದ ಪ್ರಶ್ನೆಯೇ ಅದು. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ರೋಸಾ ಪಾರ್ಕ್ಸ್ ಕತೆಯನ್ನೇ ತಗೊಳ್ಳಿ ಅಂದೆ. ಮಕ್ಕಳಿಗೆ ಹೇಳುವುದು ಹೀಗೆ: ಕೆಲಸ ಮುಗಿಸಿ ದಣಿದಿದ್ದ ಬಡ ಹೆಂಗಸು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ, ಅದರಿಂದ ಎಲ್ಲ ಬದಲಾಯಿತು. ಕಾಲು ನೋವಿನಿಂದ ಇತಿಹಾಸ ತಿರುಗಿದ ಹಾಗೆ. ನಿಜ ಏನೆಂದರೆ, ಆಗ ಅವರಿಗೆ 42 ವರ್ಷ. 1943ರಿಂದಲೇ ಅಲಬಾಮಾದ ಮಾಂಟ್ಗೊಮೆರಿ ಊರಿನ ಎನ್‌ಎಎಸಿಪಿ ಅನ್ನುವ ಕಪ್ಪು ಜನರ ಹಕ್ಕುಗಳ ಸಂಘಟನೆಯ ಶಾಖೆಯ ಕಾರ್ಯದರ್ಶಿಯಾಗಿ ದುಡಿದಿದ್ದರು. ಕಪ್ಪು ಹೆಂಗಸರ ಮೇಲೆ ನಡೆದ ಅತ್ಯಾಚಾರಗಳ ವಿವರ ಕಲೆ ಹಾಕಲು ಊರೂರು ತಿರುಗಿದ್ದರು. 1955ರ ಬೇಸಿಗೆಯಲ್ಲಿ ಹೋರಾಟಗಾರರಿಗೆ ತರಬೇತಿ ಕೊಡುವ ಶಾಲೆಗೆ ಹೋಗಿ ಬಂದಿದ್ದರು. ಮೈ ದಣಿದಿರಲಿಲ್ಲ, ತಲೆಬಾಗಿ ತಲೆಬಾಗಿ ದಣಿದಿದ್ದೆ ಅಂತ ಅವರೇ ಆಮೇಲೆ ಬರೆದರು.

ಇದಕ್ಕಿಂತ ಮಕ್ಕಳಿಗೆ ಇಷ್ಟವಾಗುವ ಭಾಗ ಬೇರೆ ಇದೆ. ಪಾರ್ಕ್ಸ್ ಬಂಧನವಾದದ್ದು 1955ರ ಡಿಸೆಂಬರ್ 1, ಗುರುವಾರ. ಆ ರಾತ್ರಿ ಜೋ ಆನ್ ರಾಬಿನ್‌ಸನ್ ಅನ್ನುವ ಇಂಗ್ಲಿಷ್ ಅಧ್ಯಾಪಕಿ ತಮ್ಮ ಕಾಲೇಜಿಗೆ ಹೋಗಿ, ಇಬ್ಬರು ವಿದ್ಯಾರ್ಥಿಗಳನ್ನೂ ಒಬ್ಬ ಸಹೋದ್ಯೋಗಿಯನ್ನೂ ಸೇರಿಸಿಕೊಂಡು, ಬೆಳಗಾಗುವವರೆಗೆ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರ ತೆಗೆದರು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಅಂತ. ಮರುದಿನ ಅವು ಊರೆಲ್ಲ ಹಂಚಿ ಹೋದವು. ಹಾಗೆ ಶುರುವಾದ ಬಹಿಷ್ಕಾರ 381 ದಿನ ನಡೆಯಿತು. ಇದನ್ನು ಎಂಟು ವರ್ಷದ ಮಗುವಿಗೂ ಹೇಳಬಹುದು. ರಾತ್ರಿಯಿಡೀ ಎಚ್ಚರ ಇದ್ದ ಇಬ್ಬರು ವಿದ್ಯಾರ್ಥಿಗಳ ಕತೆ ಯಾವ ಮಗುವಿಗೆ ಬೇಡ?

ಮಕ್ಕಳು ಆ ಕರಪತ್ರದಲ್ಲಿ ಏನಿತ್ತು ಅಂತ ಕೇಳಿಯೇ ಕೇಳುತ್ತಾರೆ. ಮತ್ತೊಬ್ಬ ಹೆಂಗಸನ್ನು ಬಂಧಿಸಿದ್ದಾರೆ ಅಂತ ಅದು ಶುರುವಾಗುತ್ತದೆ. ಮತ್ತೊಬ್ಬ ಅಂದರೆ, ಮೊದಲು ಯಾರು ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆಗ ಕ್ಲಾಡೆಟ್ ಕಾಲ್ವಿನ್ ಬಗ್ಗೆ ಹೇಳಿ. ಅದೇ ವರ್ಷದ ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ, ಸೀಟು ಬಿಡುವುದಿಲ್ಲ ಅಂತ ಕೂತವಳು. ವಯಸ್ಸು 15. ಆಮೇಲೆ ಬಸ್ಸಿನ ಆ ಕಾನೂನನ್ನು ಬೀಳಿಸಿದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ್ದೂ ಅವಳೇ.